ಅಮ್ಮನ ಹೆಸರು ಎಲ್ಲ ಕಾಗದದಲ್ಲೂ ಒಂದೇ ಇರಬೇಕಂತೆ

ನಿಮ್ಮ ಮನೆಯ ಬೀರುವಿನಲ್ಲಿ ಕಾಗದಪತ್ರ ಇಟ್ಟಿರುವ ಪ್ಲಾಸ್ಟಿಕ್ ಕವರ್ ಒಂದು ಇದ್ದೇ ಇರುತ್ತದೆ. ಬಿಡುವಾದಾಗ ಅದನ್ನು ಬಿಚ್ಚಿ ಒಂದೊಂದೇ ಕಾಗದ ತೆಗೆದು ನೋಡಿ. ‘ಇವರು ಭಾರತದ ಪ್ರಜೆ’ ಎಂದು ಹೇಳುವ ಕಾಗದ ಅದರಲ್ಲಿ ಯಾವುದು?

ಆಧಾರ್ ಅಲ್ಲ. ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಇದು ಪೌರತ್ವಕ್ಕೆ ಪುರಾವೆಯಲ್ಲ ಎನ್ನುತ್ತದೆ. ಪ್ಯಾನ್ ಕಾರ್ಡ್ ತೆರಿಗೆಗೆ ಇರುವುದು, ಹೊರದೇಶದವರಿಗೂ ಸಿಗುತ್ತದೆ. ರೇಷನ್ ಕಾರ್ಡ್ ಅಕ್ಕಿಗೆ, ಡಿಎಲ್ ಗಾಡಿಗೆ. ಜನನ ಪತ್ರ ಇದ್ದರೆ ಎಲ್ಲಿ ಹುಟ್ಟಿದಿರಿ, ಯಾವಾಗ ಹುಟ್ಟಿದಿರಿ ಎಂದು ಹೇಳುತ್ತದೆ, ಅಷ್ಟೇ. ಹೊರಗಿನಿಂದ ಬಂದು ಅರ್ಜಿ ಹಾಕಿ ಪೌರತ್ವ ಪಡೆದವರಿಗೆ ಸರ್ಕಾರ ಒಂದು ಸರ್ಟಿಫಿಕೇಟು ಕೊಡುತ್ತದೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರಿಗೆ ಅಂಥದ್ದು ಇಲ್ಲ.

ಹಾಗಿದ್ದರೆ ಪಾಸ್‌ಪೋರ್ಟ್ ಕೊಡುವಾಗ ಇವರು ಹೇಗೆ ತಿಳಿದುಕೊಳ್ಳುತ್ತಾರೆ? ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪ್ರಜೆಯಲ್ಲದವರಿಗೆ ಪಾಸ್‌ಪೋರ್ಟ್ ನಿರಾಕರಿಸಬೇಕು. ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಪೌರತ್ವ ಹೇಗೆ ಬಂತು? ಹುಟ್ಟಿನಿಂದಲೋ, ತಂದೆತಾಯಿಯಿಂದಲೋ, ನೋಂದಣಿಯಿಂದಲೋ, ಇಲ್ಲಿ ಬಹಳ ವರ್ಷ ನೆಲೆಸಿ ಪಡೆಯುವ ದೇಶೀಕರಣದಿಂದಲೋ? ನಮ್ಮಲ್ಲಿ ಬಹುತೇಕ ಎಲ್ಲರೂ ಮೊದಲನೆಯದಕ್ಕೆ ಟಿಕ್ ಹಾಕುತ್ತೇವೆ. ಕೊನೆಯಲ್ಲಿ ನಾನು ಹೇಳಿದ್ದೆಲ್ಲ ನಿಜ ಎಂದು ಒಪ್ಪಿ ಸಹಿ ಮಾಡುತ್ತೇವೆ. ಸುಳ್ಳಾದರೆ 12ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು ಆಗಬಹುದು. ಪೌರತ್ವದ ಬಗ್ಗೆ ನೇರವಾಗಿ ಕೇಳುವುದು ಇಷ್ಟೇ. ಮಿಕ್ಕಿದ್ದೆಲ್ಲ ಹುಟ್ಟಿದ ತಾರೀಕು, ವಿಳಾಸ, ಹೆಸರು. ಕೌಂಟರಿನಲ್ಲಿ ಕೂತವರು ನಿಜವಾಗಿ ನೋಡುವುದು ಒಂದು ಕಾಗದ ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂದು.

ನನ್ನ ಅಮ್ಮನಿಗೆ ಪಾಸ್‌ಪೋರ್ಟ್ ಮಾಡಿಸುವ ತನಕ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನನ್ನ ಪಾಸ್‌ಪೋರ್ಟ್ ಸುಲಭವಾಗಿ ಬಂದಿತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಕೆಲಸದ ಗುರುತಿನ ಚೀಟಿಯ ತನಕ ಎಲ್ಲದರಲ್ಲೂ ನನ್ನ ಹೆಸರು ಒಂದೇ ಥರ ಇದೆ. ಓದಿದವರ, ಸಂಬಳದ ಕೆಲಸದವರ ಬದುಕು ಕಾಗದಕ್ಕೆ ಸರಿಯಾಗಿ ಹೊಂದುತ್ತದೆ. ಅಮ್ಮನ ಬದುಕು ಹಾಗೆ ನಡೆದಿದ್ದಲ್ಲ.

ತಂಗಿ ಮ್ಯೂನಿಕ್‌ನಲ್ಲಿದ್ದಾಳೆ. ಅವಳು ಬಸುರಿ ಎಂದು ತಿಳಿದ ದಿನವೇ ಅಮ್ಮ ಬಾಣಂತನಕ್ಕೆ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಇದು ಈಗ ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ. ತಿಪಟೂರು, ಅರಸೀಕೆರೆ ಬಿಟ್ಟು ಆಚೆ ಹೋಗದ ಹೆಂಗಸರು ಅರವತ್ತರ ಮೇಲೆ ಮೊದಲ ಸಲ ಪಾಸ್‌ಪೋರ್ಟಿಗೆ ಫೋಟೋ ಹಿಡಿಸಿಕೊಳ್ಳುತ್ತಾರೆ. ಖಾರದಪುಡಿ, ಅಂಟಿನುಂಡೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೋ ಜರ್ಮನಿಗೋ ಹೊರಡುತ್ತಾರೆ. ಅಮ್ಮನೂ ಉಂಡೆಗೆ ಏನೇನು ಬೇಕು ಎಂದು ಲೆಕ್ಕ ಹಾಕಲು ಶುರುಮಾಡಿದಳು. ನಾನು ಕಾಗದ ಹುಡುಕಲು ಶುರುಮಾಡಿದೆ.

ಅಮ್ಮನಿಗೆ ಹುಟ್ಟಿದ ದಿನ ಮೂರಿತ್ತು.

ಆಧಾರಿನಲ್ಲಿ 1960ರ ಜನವರಿ 1. ಆಧಾರ್ ಹೊಸದಾಗಿ ಬಂದಾಗ ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಸಾಲು ನಿಲ್ಲಿಸಿ ಮಾಡಿಸಿದ್ದು. ತಾರೀಕು ಗೊತ್ತಿಲ್ಲ ಎಂದವರಿಗೆ ‘ಅಂದಾಜು ವಯಸ್ಸೆಷ್ಟು’ ಎಂದು ಕೇಳಿ, ವರ್ಷ ಲೆಕ್ಕ ಹಾಕಿ, ಜನವರಿ 1 ಎಂದು ಒತ್ತಿಬಿಟ್ಟಿದ್ದರು. ಶಾಲೆಯಲ್ಲಿ 1957ರ ಜೂನ್ 1. ಇದಕ್ಕೂ ಒಂದು ಕಾರಣವಿದೆ. ಆ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಕೈಗೆ ಕಿವಿ ಸಿಕ್ಕರೆ ವಯಸ್ಸಾಗಿದೆ ಎಂದೇ ಅರ್ಥ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದರೆ ಯಾವ ತಕರಾರೂ ಇರುವುದಿಲ್ಲ. ಕರ್ನಾಟಕದಲ್ಲಿ ನಮ್ಮ ಹಿಂದಿನ ತಲೆಮಾರಿನ ಅದೆಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೋ ಲೆಕ್ಕವಿಲ್ಲ.

ಮೂರನೆಯದು ಜಾತಕದಲ್ಲಿತ್ತು. ಅಜ್ಜಿಮನೆಯ ಮರದ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಉದ್ದನೆಯ ಕಾಗದ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕಲೆ ಇನ್ನೂ ಇದೆ. ವಿಳಂಬಿ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಶುದ್ಧ ಬಿದಿಗೆ. ವಾರ, ನಕ್ಷತ್ರ, ಪಾದ. ಸೂರ್ಯ ಹುಟ್ಟಿ ಎಷ್ಟು ಘಳಿಗೆ, ಎಷ್ಟು ವಿಘಳಿಗೆ ಆಗಿತ್ತು ಎನ್ನುವುದೂ ಇದೆ. ಅಂದರೆ 1958ರ ಗೌರಿ ಹಬ್ಬದ ಹಿಂದಿನ ದಿನ. ಅಜ್ಜಿ ಇದ್ದಾಗ ಇದನ್ನೇ ಹೇಳುತ್ತಿದ್ದರು: ‘ಮಾರನೆ ದಿನ ಗೌರಿ, ನಾನು ಸೂತಕದಲ್ಲಿ ಒಳಗೆ, ಹೊರಗೆ ಮೊರದ ಬಾಗಿನ ಕೊಡ್ತಿದ್ರು’ ಎಂದು. ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಎಂದೂ ಹೇಳುತ್ತಿದ್ದರು.

ಮೂರರಲ್ಲಿ ನಿಜವಾದದ್ದು ಇದೇ. ನಿಮಿಷದವರೆಗೂ ಖಚಿತವಾದದ್ದೂ ಇದೊಂದೇ. ಯಾವ ಕಚೇರಿಯಲ್ಲೂ ನಡೆಯದೇ ಇರುವುದೂ ಇದೇ.

ಅದಕ್ಕೆ ಕಚೇರಿಯವರನ್ನು ದೂರುತ್ತಿಲ್ಲ. ಜಾತಕವನ್ನು ಯಾವಾಗ ಬೇಕಾದರೂ ಬರೆಸಬಹುದು, ಅದು ನನಗೂ ಗೊತ್ತು. ನನ್ನ ದುಃಖ ಬೇರೆ. ಇಡೀ ದೇಶಕ್ಕೆ ಒಂದೇ ಜನನ-ಮರಣ ನೋಂದಣಿ ಕಾಯ್ದೆ ಎಂದು ಬಂದದ್ದು 1969ರಲ್ಲಿ. ಆ ಹೊತ್ತಿಗೆ ಅಮ್ಮ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅವಳು ಹುಟ್ಟಿದ್ದನ್ನು ಸರ್ಕಾರದ ಯಾರೂ ಬರೆದುಕೊಂಡಿರಲಿಲ್ಲ. ಬರೆದಿಟ್ಟವರು ಮನೆಯವರು. ಬರೆಯದೇ ಇದ್ದವರು ಬರೆದವರನ್ನು ‘ನಿಮ್ಮದು ನಡೆಯಲ್ಲ, ನಮ್ಮದು ತನ್ನಿ’ ಎಂದು ಕೇಳುವುದು ಎಷ್ಟು ಸರಿ?

ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕಕ್ಕೆ ಏನೇನು ನಡೆಯುತ್ತದೆ ಎನ್ನುವ ಪಟ್ಟಿ ಮೊದಲಿಗಿಂತ ಈಗ ಉದಾರವಾಗಿದೆ, ಇದನ್ನು ಹೇಳಲೇಬೇಕು. ಮೊದಲು 1989ರ ಜನವರಿ 26ರಂದು ಅಥವಾ ಆಮೇಲೆ ಹುಟ್ಟಿದವರು ಜನನ ಪತ್ರವನ್ನೇ ತರಬೇಕಿತ್ತು. 2016ರ ಡಿಸೆಂಬರಿನಲ್ಲಿ ಅದನ್ನು ತೆಗೆದರು. ಶಾಲೆಯ ಟಿಸಿ, ಪ್ಯಾನ್, ಡಿಎಲ್, ವೋಟರ್ ಐಡಿ, ಎಲ್‌ಐಸಿ ಪಾಲಿಸಿ ಬಾಂಡ್, ಯಾವುದಾದರೂ ನಡೆಯುತ್ತದೆ ಎಂದರು. ಅಪ್ಪ ಅಮ್ಮ ಇಬ್ಬರ ಹೆಸರೂ ಕಡ್ಡಾಯವಲ್ಲ, ಒಬ್ಬರದ್ದು ಸಾಕು ಎಂದರು. ಮದುವೆ ಸರ್ಟಿಫಿಕೇಟು ಬೇಡ ಎಂದರು. ನೋಟರಿ ಸಹಿ ಬೇಡ, ಬಿಳಿ ಹಾಳೆಯ ಮೇಲೆ ನೀವೇ ಬರೆದುಕೊಡಿ ಎಂದರು. ಒಂಟಿ ತಾಯಂದಿರಿಗೆ, ಗಂಡನಿಂದ ದೂರವಾದವರಿಗೆ ಇದರಿಂದ ಎಷ್ಟು ಉಪಕಾರವಾಗಿದೆ ಎಂದು ಅವರನ್ನೇ ಕೇಳಬೇಕು.

ನಮಗೆ ಉಳಿದದ್ದು ಟಿಸಿ. ಅಮ್ಮ ಏಳನೇ ಕ್ಲಾಸಿನವರೆಗೆ ಓದಿದ್ದಾಳೆ. ಮೂಲ ಟಿಸಿ ಎಂದೋ ಗೆದ್ದಲು ತಿಂದಿತ್ತು. ಅಮ್ಮನನ್ನು ಕರೆದುಕೊಂಡು ಅವಳ ಊರಿನ ಶಾಲೆಗೆ ಹೋದೆ.

ಹೆಡ್ ಮಿಸ್ ನನಗಿಂತ ಚಿಕ್ಕವರು. ಕಬ್ಬಿಣದ ಬೀರು ತೆಗೆದು, ಕೆಳಗಿನ ಗೂಡಿನಿಂದ ದಾಖಲಾತಿ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲಿಟ್ಟರು. 1963-64ರ ಪುಸ್ತಕದ ಬೆನ್ನು ಕಿತ್ತುಹೋಗಿ ದಾರ ಹೊಲಿದಿದ್ದರು. ನೀಲಿ ಶಾಯಿ, ಅಡ್ಡಗೆರೆಯ ಮೇಲೆ ಕೂರಿಸಿದಂತೆ ದುಂಡು ಅಕ್ಷರ. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಜಾತಿ, ಕಸುಬು, ಹುಟ್ಟಿದ ದಿನಾಂಕ ಅಂಕಿಯಲ್ಲಿ, ಮತ್ತೆ ಅಕ್ಷರದಲ್ಲಿ. ಆ ಪುಟದಲ್ಲಿ ಮೇಲಿಂದ ಕೆಳಗಿನವರೆಗೆ ಹೆಚ್ಚುಕಮ್ಮಿ ಎಲ್ಲರದ್ದೂ ಜೂನ್ 1. ಅಮ್ಮ ಬೆರಳಿಟ್ಟು ಒಬ್ಬೊಬ್ಬರ ಹೆಸರೂ ಓದಿದಳು. ಇವಳು ತುರುವೇಕೆರೆಗೆ ಕೊಟ್ಟವಳು, ಇವನು ಮಿಲಿಟರಿ ಸೇರಿದ, ಇವಳು ಹೋಗಿಬಿಟ್ಟಳು. ತನ್ನ ಹೆಸರಿನ ಹತ್ತಿರ ಬಂದಾಗ ಒಂದು ಮಾತೂ ಆಡಲಿಲ್ಲ.

ತಾಯಿಯ ಹೆಸರಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಹೆತ್ತ ಹೊತ್ತನ್ನು ಘಳಿಗೆ ಸಮೇತ ನೆನಪಿಟ್ಟಿದ್ದ ಅಜ್ಜಿ ಅಮ್ಮನ ಯಾವ ದಾಖಲೆಯಲ್ಲೂ ಇಲ್ಲ.

ಟಿಸಿಯ ನಕಲು ಸಿಕ್ಕಿತು. ಅದರ ಪ್ರಕಾರ ಆಧಾರನ್ನು ತಿದ್ದಿಸಬೇಕಾಯಿತು. ಹುಟ್ಟಿದ ದಿನಾಂಕವನ್ನು ಆಧಾರಿನಲ್ಲಿ ಒಂದು ಸಲ ಮಾತ್ರ ತಿದ್ದಬಹುದು, ಹೆಸರನ್ನು ಎರಡು ಸಲ. ಆದ್ದರಿಂದ ಮನೆಯ ಹಿರಿಯರದ್ದು ತಿದ್ದಿಸುವವರು ಮೊದಲು ಯಾವ ಕಾಗದವನ್ನು ಮೂಲವಾಗಿ ಹಿಡಿಯುತ್ತೀರಿ ಎಂದು ತೀರ್ಮಾನಿಸಿ, ಆಮೇಲೆ ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಸೈಬರ್ ಸೆಂಟರಿನವರು ಅವಸರಕ್ಕೆ ಏನೋ ಒಂದು ಹಾಕಿಬಿಟ್ಟರೆ ಆಮೇಲೆ ಬಹಳ ಕಷ್ಟ.

ಅರ್ಜಿಯನ್ನು ಓದಿ ಹೇಳುವಾಗ ಅಮ್ಮ ಒಂದು ಮಾತು ಕೇಳಿದಳು. ‘ಜೂನ್ ಒಂದು ನಾನು ಹುಟ್ಟಿದ ದಿನ ಅಲ್ವಲ್ಲೇ. ಎಲ್ಲಾ ನಿಜ ಅಂತ ಸೈನ್ ಹಾಕು ಅಂತೀಯಲ್ಲ, ಹಾಕಬಹುದಾ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಶಾಲೆಯ ದಾಖಲೆಯಲ್ಲಿ ಇರುವುದೇ ಸರ್ಕಾರದ ಲೆಕ್ಕಕ್ಕೆ ನಿಜ ಎಂದೆ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಅವಳ ಪ್ರಶ್ನೆ ಕಾನೂನಿನದ್ದಾಗಿರಲಿಲ್ಲ. ಅರವತ್ತು ದಾಟಿದ ಹೆಂಗಸು ತನ್ನ ಹುಟ್ಟಿನ ಬಗ್ಗೆ ತನಗೆ ಗೊತ್ತಿರುವ ನಿಜವನ್ನು ಬದಿಗಿಟ್ಟು, ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದನ್ನು ನಿಜ ಎಂದು ಒಪ್ಪಿ ಸಹಿ ಮಾಡಬೇಕು. ಹಾಗೆ ಮಾಡಿದರೇ ಅವಳು ಅವಳೇ ಎಂದು ಸಾಬೀತಾಗುವುದು.

ಹೆಸರಿನ ಕಥೆ ಇದಕ್ಕಿಂತ ಉದ್ದ. ಅಮ್ಮನ ನಿಜವಾದ ಹೆಸರು ಇಲ್ಲಿ ಬೇಡ, ಜಯ ಎಂದಿಟ್ಟುಕೊಳ್ಳೋಣ. ಟಿಸಿಯಲ್ಲಿ ಜಯ, ಹಿಂದೆ ಊರಿನದ್ದೊಂದು ಅಪ್ಪನದ್ದೊಂದು ಇನಿಷಿಯಲ್. ಆಧಾರಿನಲ್ಲಿ ಜಯಮ್ಮ, ಇನಿಷಿಯಲ್ಲೇ ಇಲ್ಲ. ಬ್ಯಾಂಕಿನಲ್ಲಿ ಜಯಲಕ್ಷ್ಮಮ್ಮ, ಯಾಕೆಂದರೆ ಮದುವೆಯಾಗಿ ಬಂದ ಮನೆಯಲ್ಲಿ ಹಾಗೆ ಕರೆಯುತ್ತಿದ್ದರು. ವೋಟರ್ ಐಡಿಯಲ್ಲಿ ಜಯಮ್ಮ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಂ ಕಮ್ಮಿ. ಊರಿನಲ್ಲಿ ಯಾರನ್ನು ಕೇಳಿದರೂ ಈ ನಾಲ್ಕೂ ಒಬ್ಬರೇ ಎಂದು ಹೇಳುತ್ತಾರೆ. ಕಂಪ್ಯೂಟರಿಗೆ ಮಾತ್ರ ಇವರು ನಾಲ್ಕು ಹೆಂಗಸರು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೊಂದು ಕಾಲಂ, ಸರ್‌ನೇಮ್‌ಗೊಂದು ಕಾಲಂ. ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹಳೇ ಮೈಸೂರು ಕಡೆಯವರಿಗೆ ಸರ್‌ನೇಮ್ ಎಲ್ಲಿಂದ ತರುವುದು? ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರಿದೆ, ಕರಾವಳಿಯವರಿಗೆ ಶೆಟ್ಟಿ, ಭಟ್, ಡಿಸೋಜ ಎಂದು ಇದೆ. ನಮ್ಮಲ್ಲಿ ಊರು, ಅಪ್ಪ, ಆಮೇಲೆ ತಾನು, ಅಷ್ಟೇ. ಕಾಲಂ ಖಾಲಿ ಬಿಡಬಹುದು ನಿಜ. ಆದರೆ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಅಂದಿನಿಂದ ಒಂಟಿ ಹೆಸರಿನವರಿಗೆ ಭಯವೇ. ಅಮ್ಮನ ವಿಷಯದಲ್ಲಿ ಇನಿಷಿಯಲ್ ಬಿಡಿಸಿ, ಅವಳ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿದೆವು. ಜರ್ಮನಿಯಲ್ಲಿ ಎಲ್ಲರೂ ಅವಳನ್ನು ನಮ್ಮ ತಾತನ ಹೆಸರು ಹಿಡಿದು ಕರೆದರಂತೆ. ಅವಳಿಗೆ ಅದು ಇಷ್ಟವಾಯಿತು.

ಪಾಸ್‌ಪೋರ್ಟ್ ಕೇಂದ್ರದ ಬಗ್ಗೆ ದೂರು ಹೇಳಲು ನನಗೆ ಹೆಚ್ಚೇನಿಲ್ಲ. ಹಿಂದೆ ಪಾಸ್‌ಪೋರ್ಟ್ ಎಂದರೆ ಬೆಂಗಳೂರಿಗೆ ಹೋಗಿ ಸಾಲು ನಿಲ್ಲುವುದು, ಇಲ್ಲದಿದ್ದರೆ ಏಜೆಂಟರ ಕೈಗೆ ಬೀಳುವುದು. ಈಗಿನ ವ್ಯವಸ್ಥೆ 2010ರಲ್ಲಿ ಬೆಂಗಳೂರಿನಲ್ಲೇ ಮೊದಲು ಪ್ರಯೋಗಕ್ಕೆ ಬಂತು. ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಕೇಂದ್ರ ಎನ್ನುವುದು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಜಿಲ್ಲೆಯಲ್ಲೇ ಕೆಲಸ ಮುಗಿಯುವುದು ವಯಸ್ಸಾದವರಿಗೆ ದೊಡ್ಡ ಅನುಕೂಲ.

ಮೊದಲ ಕೌಂಟರಿನಲ್ಲಿ ಫೋಟೋ, ಬೆರಳಚ್ಚು. ಅಮ್ಮನ ಬೆರಳನ್ನು ಯಂತ್ರ ಹಿಡಿಯಲಿಲ್ಲ. ಕೊಬ್ಬರಿ ಸುಲಿದು, ರಾಗಿ ಬೀಸಿ, ಪಾತ್ರೆ ತಿಕ್ಕಿ ಸವೆದ ಬೆರಳುಗಳು. ಗೆರೆಗಳೇ ಉಳಿದಿರಲಿಲ್ಲ. ಅಲ್ಲಿದ್ದ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ, ತನ್ನ ಕೈಯಿಂದ ಮೆಲ್ಲಗೆ ಒತ್ತಿ ಹಿಡಿದು, ‘ಇನ್ನೊಂದ್ಸಲ ಇಡಿ ಅಜ್ಜಿ, ಸ್ವಲ್ಪ ಗಟ್ಟಿಯಾಗಿ’ ಎನ್ನುತ್ತಾ ಹತ್ತು ಬೆರಳೂ ಮುಗಿಸಿದಳು. ಎರಡನೇ ಕೌಂಟರಿನ ಅಧಿಕಾರಿಗೆ ಟಿಸಿಯ ಜಯಳೂ ಬ್ಯಾಂಕಿನ ಜಯಲಕ್ಷ್ಮಮ್ಮಳೂ ಒಬ್ಬರೇ ಎಂದು ಒಪ್ಪಿಸುವುದು ಕಷ್ಟವಾಯಿತು. ‘ಇದರಲ್ಲೊಂದು, ಅದರಲ್ಲೊಂದು. ನಾವು ಯಾವುದನ್ನ ನಂಬಬೇಕಮ್ಮಾ?’ ಎಂದು ಸ್ವಲ್ಪ ಜೋರಾಗಿಯೇ ಕೇಳಿದರು. ಎದುರಿಗೆ ಕೂತಿದ್ದ ಮನುಷ್ಯಳನ್ನು ನಂಬಬಹುದು ಎಂದು ಅವರಿಗೆ ಅನ್ನಿಸಲಿಲ್ಲ. ಅವರಿಗೆ ಆ ಅಧಿಕಾರವೂ ಇರಲಿಲ್ಲವೇನೋ. ಬ್ಯಾಂಕಿನಲ್ಲಿ ಹೆಸರು ತಿದ್ದಿಸಿಕೊಂಡು ಮತ್ತೆ ಬನ್ನಿ ಎಂದರು, ತಿದ್ದಿಸಿಕೊಂಡು ಹೋದೆವು.

ಅಮ್ಮ ಹೊರಗೆ ಬಂದು, ‘ನಾನೇನೋ ಕದ್ದವಳ ಥರ ಕೇಳಿದ್ರಲ್ಲೇ’ ಎಂದಳು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ಯಾಕೆಂದರೆ ಪಾಸ್‌ಪೋರ್ಟ್ ಯಾರೂ ದಯೆಯಿಂದ ಕೊಡುವ ವಸ್ತುವಲ್ಲ. 1967ಕ್ಕೆ ಮೊದಲು ಇದನ್ನು ಕೊಡುವುದು ಬಿಡುವುದು ಸರ್ಕಾರದ ಇಷ್ಟಕ್ಕೆ ಬಿಟ್ಟದ್ದಾಗಿತ್ತು, ಅದಕ್ಕೊಂದು ಕಾನೂನೇ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಪಾಸ್‌ಪೋರ್ಟ್ ವಾಪಸ್ ಕೊಡುವಂತೆ ಸರ್ಕಾರ ಹೇಳಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲಿನಲ್ಲಿ, ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಇದ್ದ ಪೀಠ 3-2ರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಹೊರದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಅದರ ಬೆನ್ನಿಗೇ ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ಬಂತು. ಹತ್ತು ವರ್ಷದ ಮೇಲೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಿಕೊಂಡಾಗ, 1978ರ ತೀರ್ಪು ಇದನ್ನು ಇನ್ನಷ್ಟು ಬಿಗಿ ಮಾಡಿತು. ಕಾನೂನಿದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಎಂದಿತು. ಈ ಹಕ್ಕಿನ ಮಾತು ಕೌಂಟರಿನ ತನಕ ಇಳಿದು ಬರಬೇಕು ಎಂಬುದೇ ನನ್ನ ಆಸೆ.

ಪೊಲೀಸ್ ವೆರಿಫಿಕೇಶನ್‌ಗೆ ಒಬ್ಬರು ಪೇದೆ ಬಂದರು. ಟ್ಯಾಬ್‌ನಲ್ಲಿ ಫೋಟೋ ತೆಗೆದುಕೊಂಡರು, ಪಕ್ಕದ ಮನೆಯವರನ್ನು ಕರೆದರು. ‘ಇವ್ರನ್ನ ಎಷ್ಟ್ ವರ್ಷದಿಂದ ಬಲ್ರಿ?’ ಪಕ್ಕದ ಮನೆಯ ಅಜ್ಜ, ‘ಇವ್ರು ಮದುವೆ ಆಗಿ ಈ ಮನೆ ಹೊಸಿಲು ತುಳಿದಾಗ ಹಸೆ ಬರೆದಿದ್ದು ನಮ್ಮನೆಯವ್ಳೇ’ ಎಂದರು. ಪೇದೆ ನಕ್ಕು ಅವರ ಸಹಿ ಹಾಕಿಸಿಕೊಂಡರು. ಇಷ್ಟು ದಿನ ಓಡಾಡಿದ್ದರಲ್ಲಿ ಅಮ್ಮ ಯಾರು ಎಂದು ನಿಜವಾಗಿ ಕೇಳಿದ್ದೂ, ನಿಜವಾದ ಉತ್ತರ ಸಿಕ್ಕಿದ್ದೂ ಆ ಹೊಸಿಲಲ್ಲೇ ಎನ್ನಿಸಿತು. ಮನುಷ್ಯರನ್ನು ಬಲ್ಲವರು ಮನುಷ್ಯರೇ ಅಲ್ವಾ.

ಆದರೆ ಇದನ್ನು ಬರೆಯುವಾಗಲೇ ಇನ್ನೊಂದು ಕಡೆಯೂ ಕಣ್ಣಿಗೆ ಬರುತ್ತದೆ. ಅಮ್ಮ ಒಂದೇ ಊರಿನಲ್ಲಿ, ಸ್ವಂತ ಮನೆಯಲ್ಲಿ, ಎಲ್ಲರಿಗೂ ಬೇಕಾದವಳಾಗಿ ಬದುಕಿದವಳು. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವ ಹುಡುಗಿಯನ್ನು ಪಕ್ಕದ ಮನೆಯವರು ಬಲ್ಲರೇ? ರಾಯಚೂರಿನಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡದ ಪಕ್ಕ ಶೆಡ್ಡಿನಲ್ಲಿರುವವರ ಪರವಾಗಿ ಯಾರು ಸಹಿ ಹಾಕುತ್ತಾರೆ? ಜಾತಿಯೋ ಧರ್ಮವೋ ಬೇರೆ ಎಂದು ನೆರೆಯವರು ಮಾತೇ ಆಡಿಸದ ಮನೆಯವರ ಗತಿ? ವೆರಿಫಿಕೇಶನ್‌ಗೆ ಬಂದವರಿಗೆ ಏನೂ ಕೊಡಬೇಕಿಲ್ಲ, ಅರ್ಜಿಯ 1,500 ರೂಪಾಯಿಯಲ್ಲೇ ಎಲ್ಲ ಮುಗಿಯಿತು. ಅರವತ್ತು ದಾಟಿದವರಿಗೆ ಅದರಲ್ಲೂ ಶೇಕಡ 10 ರಿಯಾಯಿತಿ ಇದೆ. ಆದರೂ ಚಾ ಕಾಸು ಕೇಳುವುದು ಇನ್ನೂ ಪೂರ್ತಿ ನಿಂತಿಲ್ಲ, ಕೇಳಿದಾಗ ಇಲ್ಲ ಎನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಅಮ್ಮನ ಪಾಸ್‌ಪೋರ್ಟಿಗಾಗಿ ಓದುತ್ತಾ ಹೋದಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಪೌರತ್ವ ಕಾಯ್ದೆಯ 3ನೇ ಸೆಕ್ಷನ್. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿದ್ದರಿಂದಲೇ ಪ್ರಜೆಗಳು. ಅಪ್ಪ ಅಮ್ಮ ಯಾರು ಎಂದು ಕಾನೂನು ಕೇಳುವುದಿಲ್ಲ. ಆಮೇಲೆ 2004ರ ಡಿಸೆಂಬರ್ 3ರ ಒಳಗೆ ಹುಟ್ಟಿದ್ದರೆ ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕು. ಅದರ ನಂತರದವರಾದರೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ನಮ್ಮ ಮನೆಯನ್ನೇ ನೋಡಿ. ಅಮ್ಮನಿಗೂ 1984ರಲ್ಲಿ ಹುಟ್ಟಿದ ನನಗೂ ಒಂದು ಕಾನೂನು. 1991ರಲ್ಲಿ ಹುಟ್ಟಿದ ತಂಗಿಗೆ ಇನ್ನೊಂದು. 2010ರಲ್ಲಿ ಹುಟ್ಟಿದ ನನ್ನ ಮಗನಿಗೆ ಮತ್ತೊಂದು.

ಅಂದರೆ ತಂಗಿಯ ಪೌರತ್ವ ನಿಂತಿರುವುದು ಅಪ್ಪ ಅಮ್ಮನ ಪೌರತ್ವದ ಮೇಲೆ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಅವಳನ್ನು ಯಾರೂ ಇದನ್ನು ಕೇಳಲಿಲ್ಲ. ಆದರೆ 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಚುನಾವಣಾ ಆಯೋಗ ಇದೇ ತಾರೀಕುಗಳನ್ನು ಹಿಡಿದು, 1987ರ ಜುಲೈ ನಂತರ ಹುಟ್ಟಿದವರು ತಂದೆ ಅಥವಾ ತಾಯಿಯ ದಾಖಲೆಯನ್ನೂ, 2004ರ ಡಿಸೆಂಬರ್ ನಂತರದವರು ಇಬ್ಬರದ್ದನ್ನೂ ತರಬೇಕು ಎಂದಿತು. ಮೊದಲು ಹೇಳಿದ 11 ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಇತ್ತು, ಆಧಾರ್ ಇರಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆಧಾರ್ ಗುರುತಿನ ದಾಖಲೆಯಾಗಿ 12ನೆಯದಾಗಿ ಸೇರಿತು. ಹೀಗಿರುವಾಗ ಅಮ್ಮನ ಕಾಗದ ಅಮ್ಮನದ್ದು ಮಾತ್ರ ಅಲ್ಲ. ಅದರಲ್ಲಿನ ಒಂದು ಎಂ ಕಮ್ಮಿಯಾದದ್ದು ಮುಂದಿನ ತಲೆಮಾರಿಗೂ ಇಳಿಯಬಹುದು.

ಇದು ಕಲ್ಪನೆಯ ಭಯವಲ್ಲ. ಅಸ್ಸಾಮಿನ ಎನ್‌ಆರ್‌ಸಿಯಲ್ಲಿ, ಅಂದರೆ ಪ್ರಜೆಗಳ ರಾಷ್ಟ್ರೀಯ ಪಟ್ಟಿ ಮಾಡುವ ಕೆಲಸದಲ್ಲಿ, 2019ರ ಆಗಸ್ಟ್ 31ಕ್ಕೆ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದಿದ್ದರು. ಅಲ್ಲಿ ಬಹಳ ಕಷ್ಟಪಟ್ಟವರು ಶಾಲೆಗೆ ಹೋಗದ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರು. ತಾನು ಇಂಥವರ ಮಗಳು ಎಂದು ತೋರಿಸಲು ಅವರ ಬಳಿ ಇದ್ದದ್ದು ಪಂಚಾಯ್ತಿ ಕಾರ್ಯದರ್ಶಿ ಬರೆದುಕೊಟ್ಟ ಒಂದು ಚೀಟಿ. ಅದು ನಡೆಯಲ್ಲ ಎಂದು 2017ರಲ್ಲಿ ಗುವಾಹಟಿ ಹೈಕೋರ್ಟ್ ಹೇಳಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪರಿಶೀಲಿಸಿ ಒಪ್ಪಿಕೊಳ್ಳಬಹುದು ಎಂದಿತು. ಗಂಡಸಿಗೆ ಹುಟ್ಟಿದ ಮನೆ, ಅಪ್ಪನ ಪಹಣಿ, ಅದೇ ಊರು, ಅದೇ ಹೆಸರು ಕೊನೆಯ ತನಕ ಇರುತ್ತವೆ. ಹೆಣ್ಣಿಗೆ ಊರು ಬದಲಾಗುತ್ತದೆ, ಮನೆ ಬದಲಾಗುತ್ತದೆ, ಕೆಲವು ಕಡೆ ಹೆಸರೂ ಬದಲಾಗುತ್ತದೆ. ಬದಲಾಗು ಎಂದು ಹೇಳಿದ್ದು ಸಮಾಜ. ಬದಲಾಗಿದ್ದಕ್ಕೆ ಲೆಕ್ಕ ಕೇಳುವುದು ಮಾತ್ರ ಅವಳನ್ನು.

ಕಾಗದ ಸರಿ ಇದ್ದೂ ಬಾಗಿಲು ತೆರೆಯದೇ ಇರುವುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಟಿಬೆಟನ್ ಕ್ಯಾಂಪುಗಳಲ್ಲಿ ಅರವತ್ತರ, ಎಪ್ಪತ್ತರ ದಶಕದಿಂದ ಹುಟ್ಟಿ ಬೆಳೆದವರಿದ್ದಾರೆ. ನಮ್ಮಷ್ಟೇ ಸಲೀಸಾಗಿ ಕನ್ನಡ ಮಾತಾಡುವವರನ್ನು ಬೈಲಕುಪ್ಪೆ ಸಂತೆಯಲ್ಲಿ ನೋಡಬಹುದು. 3ನೇ ಸೆಕ್ಷನ್ ಪ್ರಕಾರ 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದವರು ಪ್ರಜೆಗಳೇ. ಆದರೂ ವರ್ಷಗಟ್ಟಲೆ ಅವರಿಗೆ ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. 1986ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹುಟ್ಟಿದ ಟಿಬೆಟನ್ ಮಹಿಳೆ ನಾಮ್‌ಗ್ಯಾಲ್ ಡೋಲ್ಕರ್ ಅವರ ಪರವಾಗಿ ದೆಹಲಿ ಹೈಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿತು. 2013ರಲ್ಲಿ ಟಿಬೆಟನ್ ಗುರುವೊಬ್ಬರ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. ಅಂಥ ಅರ್ಜಿಗಳನ್ನು ತೆಗೆದುಕೊಳ್ಳಿ ಎಂದು ಪಾಸ್‌ಪೋರ್ಟ್ ಕಚೇರಿಗಳಿಗೆ ವಿದೇಶಾಂಗ ಇಲಾಖೆ ತಿಳಿಸಿದ್ದು 2017ರಲ್ಲಿ. ಕಾನೂನಿನಲ್ಲಿ ಬರೆದಿದ್ದ ಹಕ್ಕು ಕೈಗೆ ಬರಲು ಕೋರ್ಟ್ ಹತ್ತಬೇಕಾಯಿತು.

ಮುಂದಿನ ತಲೆಮಾರಿಗೆ ಇಷ್ಟು ಗೊಂದಲ ಇರಲಿಕ್ಕಿಲ್ಲ. 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಜನನ ಪತ್ರ ಮಾತ್ರ ನಡೆಯುತ್ತದೆ ಎಂದು ನಿಯಮವಾಗಿದೆ. ಮನೆಯಲ್ಲಿ ಎಳೆ ಮಕ್ಕಳಿರುವವರು ಈಗಲೇ ಜನನ ಪತ್ರ ತೆಗೆದು ನೋಡಿ. ಮಗುವಿನ ಹೆಸರು ಸೇರಿಸಿದ್ದೀರಾ, ಅಪ್ಪ ಅಮ್ಮನ ಹೆಸರಿನ ಅಕ್ಷರಗಳು ಅವರವರ ಕಾಗದಕ್ಕೆ ಹೊಂದುತ್ತವಾ? ತಂಗಿಯ ಮಗುವಿನ ಜನನವನ್ನು ಒಂದು ವಾರದೊಳಗೆ ಅಲ್ಲಿನ ನೋಂದಣಿ ಕಚೇರಿಗೆ ತಿಳಿಸಬೇಕಿತ್ತು, ಆಸ್ಪತ್ರೆಯವರೇ ತಿಳಿಸಿದರು. ವರ್ಷದೊಳಗೆ ಭಾರತದ ದೂತಾವಾಸದಲ್ಲೂ ದಾಖಲಿಸಬೇಕು, ಅದೂ ಆಯಿತು.

ಈಗ ನನ್ನ ತಲೆಯಲ್ಲಿರುವುದು ದೊಡ್ಡಮ್ಮ. ಅಮ್ಮನಿಗಿಂತ ನಾಲ್ಕು ವರ್ಷ ದೊಡ್ಡವರು. ದುಬೈಯಲ್ಲಿರುವ ಮೊಮ್ಮಗನನ್ನು ನೋಡಬೇಕು ಎನ್ನುತ್ತಾರೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದವರು, ಶಾಲೆಯ ಮುಖ ಕಂಡವರಲ್ಲ. ಹಾಗಾಗಿ ಟಿಸಿ ಇಲ್ಲ. ಜಾತಕ ಬರೆಸಿದ್ದರು, ಅದು ಕಳೆದುಹೋಗಿದೆ. ವೋಟರ್ ಐಡಿಯಲ್ಲಿ ತಾರೀಕಿಲ್ಲ, ವಯಸ್ಸು ಮಾತ್ರ ಇದೆ. ಎಲ್ಲ ಕಾಗದದಲ್ಲೂ ಹೆಸರು ಒಂದೇ ಪದ, ಹಿಂದೆ ಮುಂದೆ ಏನೂ ಇಲ್ಲ. ಅವರಿಗೆ ಉಳಿದ ದಾರಿ ತಡವಾದ ಜನನ ನೋಂದಣಿ. ವರ್ಷ ದಾಟಿದ ಜನನಕ್ಕೆ ಮೊದಲು ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ಮೇಲೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟದಲ್ಲೇ ಮಾಡಬಹುದು. ಜನನ ದಾಖಲಾಗಿಲ್ಲ ಎಂಬ ಪತ್ರವನ್ನು ಈಗಾಗಲೇ ತೆಗೆಸಿದ್ದೇವೆ. ಅಫಿಡವಿಟ್ ಸಿದ್ಧವಾಗಿದೆ. ಅವರು ಹುಟ್ಟಿದ್ದನ್ನು ಬಲ್ಲೆ ಎಂದು ಹೇಳಲು ವಯಸ್ಸಿನಲ್ಲಿ ಅವರಿಗಿಂತ ಹಿರಿಯರು ಇದ್ದರೆ ಒಳ್ಳೆಯದು ಎಂದು ವಕೀಲರು ಹೇಳಿದ್ದಾರೆ. ಊರಿನಲ್ಲಿ ಅಂಥವರು ಈಗ ಇಬ್ಬರೇ ಇದ್ದಾರೆ, ಒಬ್ಬರಿಗೆ ಮಂಡಿನೋವು. ಕಾರು ಮಾಡಿಕೊಂಡು ಸೋಮವಾರ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.